ಕಾರಿನ ಕಣ್ಣು ತೆರೆದಿರಲಿ, ಬಾಯಿ ಮುಚ್ಚಿರಲಿ

ಹೊಸ ಎಲೆಕ್ಟ್ರಿಕ್ ಕಾರು ಮನೆಗೆ ಬಂದ ದಿನ ಅಮ್ಮ ಮುಂದಿನ ಸೀಟಿನಲ್ಲಿ ಕೂತಳು. ಒಳಗಿನ ಕನ್ನಡಿಯ ಮೇಲಿದ್ದ ಕಡಲೆಕಾಳಿನಷ್ಟು ಕಪ್ಪು ಗಾಜನ್ನು ತೋರಿಸಿ, "ಇದೇನೋ ಇದು? ನಮ್ಮನ್ನೇ ನೋಡ್ತಾ ಇದೆಯಲ್ಲ" ಎಂದಳು. "ಏನೋ ಸೆನ್ಸರ್ ಇರಬೇಕಮ್ಮ" ಎಂದುಬಿಟ್ಟೆ. ರಾತ್ರಿ ಮ್ಯಾನ್ಯುಯಲ್ ತೆಗೆದು ನೋಡಿದರೆ ಅಮ್ಮ ಹೇಳಿದ್ದೇ ಸರಿ. ಅದು ಕ್ಯಾಮೆರಾ, ಮುಖ ಮಾಡಿದ್ದು ನಮ್ಮ ಕಡೆಗೇ.

ಇಂಥದ್ದು ಗೊತ್ತಾದಾಗ ಒಂದು ತುಂಡು ಟೇಪ್ ಅಂಟಿಸಿಬಿಡೋಣ ಅನಿಸುವುದು ಸಹಜ. ದಯವಿಟ್ಟು ಹಾಗೆ ಮಾಡಬೇಡಿ. ತೂಕಡಿಸುವಾಗ ನಿಮ್ಮನ್ನು ಎಬ್ಬಿಸುವುದು ಅದೇ ಕ್ಯಾಮೆರಾ. ಅದು ನೋಡಲಿ. ಆದರೆ ನೋಡಿದ್ದನ್ನು ಊರಿಗೆಲ್ಲ ಹೇಳಬಾರದು, ಅಷ್ಟೆ. ಕಾರಿನಿಂದ ಹೊರಗೆ ಹೋಗುವ ದಾರಿಗಳನ್ನು ಒಂದೊಂದಾಗಿ ಮುಚ್ಚುವುದು ಕಷ್ಟದ ಕೆಲಸವೇನಲ್ಲ. ರಜೆಯ ದಿನ ಎರಡು ಗಂಟೆ ಕೊಟ್ಟರೆ ಸಾಕು.

ಮೊದಲು ಕ್ಯಾಮೆರಾ ಎಲ್ಲಿದೆ ಅಂತ ಹುಡುಕಿ

ಸಾಮಾನ್ಯವಾಗಿ ನಾಲ್ಕು ಕಡೆ ನೋಡಬೇಕು. ಒಳಗಿನ ಕನ್ನಡಿಯ ಮೇಲೆ ಅಥವಾ ಕೆಳಗೆ, ಸ್ಟೀರಿಂಗ್ ಚಕ್ರದ ಹಿಂದೆ, ಮೀಟರ್ ಪರದೆಯ ಅಂಚಿನಲ್ಲಿ, ಮುಂದಿನ ಗಾಜಿನ ಪಕ್ಕದ ಕಂಬದಲ್ಲಿ. ಹಗಲಲ್ಲಿ ಕಣ್ಣಿಗೆ ಬೀಳದಿದ್ದರೆ ರಾತ್ರಿ ಹೀಗೆ ಮಾಡಿ. ಕಾರನ್ನು ಕತ್ತಲಲ್ಲಿ ನಿಲ್ಲಿಸಿ, ಆನ್ ಮಾಡಿ, ಚಾಲಕನ ಸೀಟಿನಲ್ಲಿ ಕುಳಿತುಕೊಳ್ಳಿ. ಫೋನಿನ ಸೆಲ್ಫಿ ಕ್ಯಾಮೆರಾ ತೆರೆದು ಅದನ್ನು ಸ್ಟೀರಿಂಗ್ ಮತ್ತು ಕನ್ನಡಿಯ ಕಡೆಗೆ ತಿರುಗಿಸಿ, ನಿಧಾನಕ್ಕೆ ಆಚೀಚೆ ಆಡಿಸಿ. ಬರಿಗಣ್ಣಿಗೆ ಏನೂ ಕಾಣದ ಜಾಗದಲ್ಲಿ ಫೋನಿನ ಪರದೆಯ ಮೇಲೆ ನಸು ನೇರಳೆ ಬಣ್ಣದ ಒಂದೆರಡು ಚುಕ್ಕೆ ಮಿನುಗಬಹುದು. ಅದು ಇನ್‌ಫ್ರಾರೆಡ್ ದೀಪ. ಸಾಮಾನ್ಯವಾಗಿ 940 ನ್ಯಾನೋಮೀಟರ್ ಆಸುಪಾಸಿನ ಬೆಳಕು, ನಮ್ಮ ಕಣ್ಣಿಗೆ ಕಾಣುವುದಿಲ್ಲ. ಅನೇಕ ಫೋನುಗಳ ಹಿಂಬದಿ ಕ್ಯಾಮೆರಾ ಈ ಬೆಳಕನ್ನು ಜಾಸ್ತಿ ತಡೆಯುತ್ತದೆ. ಅದಕ್ಕೇ ಸೆಲ್ಫಿ ಕ್ಯಾಮೆರಾ ಬಳಸಿ ಎಂದಿದ್ದು.

ಕತ್ತಲಲ್ಲೂ ಮುಖ ಕಾಣಬೇಕು, ಚಾಲಕನ ಕಣ್ಣಿಗೆ ಬೆಳಕು ಹೊಡೆಯಬಾರದು. ಅದಕ್ಕಾಗಿ ಈ ದೀಪ. ತಂಪು ಕನ್ನಡಕಗಳಲ್ಲೂ ಹೆಚ್ಚಿನವು ಈ ಬೆಳಕನ್ನು ಒಳಗೆ ಬಿಡುತ್ತವೆ. ಹಾಗಾಗಿ ಕಪ್ಪು ಗಾಜಿನ ಹಿಂದಿರುವ ಕಣ್ಣನ್ನೂ ಅದು ನೋಡಬಲ್ಲದು. ಒಂದು ಮಾತು: ಚುಕ್ಕೆ ಕಾಣಲಿಲ್ಲ ಎಂದ ಮಾತ್ರಕ್ಕೆ ಕ್ಯಾಮೆರಾ ಇಲ್ಲ ಎಂದು ತಿಳಿಯಬೇಡಿ. ಕೆಲವು ಕಾರುಗಳಲ್ಲಿ ದೀಪ ಹತ್ತುವುದು ಕಾರು ಓಡುವಾಗ ಮಾತ್ರ. ಕೆಲವು ಕ್ಯಾಮೆರಾಗಳಿಗೆ ದೀಪವೇ ಇರುವುದಿಲ್ಲ.

ಹುಡುಕುವಾಗ ಇನ್ನೊಂದನ್ನು ಗಮನಿಸಿ. ಚಾಲಕನ ಮುಖವನ್ನಷ್ಟೇ ನೋಡುವ ಕ್ಯಾಮೆರಾ ಒಂದು ಬಗೆ. ಹಿಂದಿನ ಸೀಟಿನವರೆಗೆ ಇಡೀ ಒಳಭಾಗವನ್ನು ನೋಡುವ ಕ್ಯಾಬಿನ್ ಕ್ಯಾಮೆರಾ ಇನ್ನೊಂದು ಬಗೆ. ಎರಡನೆಯದರ ಮೇಲೆ ಜಾಸ್ತಿ ಕಣ್ಣಿಡಿ. ಮಕ್ಕಳು, ನೆಂಟರು, ಸ್ನೇಹಿತರು ಎಲ್ಲರೂ ಅದರ ಚೌಕಟ್ಟಿನೊಳಗೆ ಬರುತ್ತಾರೆ. ಅವರ್ಯಾರೂ ಯಾವ ಷರತ್ತಿಗೂ 'ಒಪ್ಪಿದೆ' ಎಂದು ಒತ್ತಿದವರಲ್ಲ.

ಅದು ನೋಡುವುದಾದರೂ ಏನನ್ನು?

ಕಾರಿನೊಳಗಿನ ಚಿಪ್ ಮುಖದ ಮೇಲೆ ಕೆಲವು ಬಿಂದುಗಳನ್ನು ಗುರುತಿಸಿಕೊಳ್ಳುತ್ತದೆ. ಕಣ್ಣಿನ ತುದಿ, ರೆಪ್ಪೆಯ ಅಂಚು, ಮೂಗಿನ ತುದಿ, ಬಾಯಿಯ ಮೂಲೆ. ತಲೆ ಎತ್ತ ತಿರುಗಿದೆ, ನೋಟ ರಸ್ತೆಯ ಮೇಲಿದೆಯೋ ತೊಡೆಯ ಮೇಲಿನ ಫೋನಿನಲ್ಲಿದೆಯೋ, ರೆಪ್ಪೆ ಎಷ್ಟು ಹೊತ್ತು ಮುಚ್ಚಿತ್ತು ಎಂದು ಲೆಕ್ಕ ಹಾಕುತ್ತದೆ. ಒಂದು ನಿಮಿಷದಲ್ಲಿ ಎಷ್ಟು ಪಾಲು ಹೊತ್ತು ಕಣ್ಣು ಬಹುತೇಕ ಮುಚ್ಚಿತ್ತು ಎಂಬುದು ತೂಕಡಿಕೆ ಅಳೆಯುವ ಹಳೆಯ, ನಂಬಿಕೆಯ ಅಳತೆ. ಇಷ್ಟು ಕೆಲಸಕ್ಕೆ ಫೋಟೊ ಇಟ್ಟುಕೊಳ್ಳುವ ಅಗತ್ಯವೇ ಇಲ್ಲ. ಚಿತ್ರ ಬಂತು, ಲೆಕ್ಕ ಆಯಿತು, ಚಿತ್ರ ಅಳಿಸಿತು. ಎಚ್ಚರಿಕೆಯ ಗಂಟೆ ಹೊಡೆಯಬೇಕೋ ಬೇಡವೋ ಎಂಬ ತೀರ್ಮಾನ ಮಾತ್ರ ಉಳಿದರೆ ಸಾಕು.

ಇದು ನಿನ್ನೆ ಮೊನ್ನೆ ಬಂದದ್ದಲ್ಲ. ಟೊಯೋಟಾ ತನ್ನ ಲೆಕ್ಸಸ್ ಕಾರುಗಳಿಗೆ ಇಂಥ ಕ್ಯಾಮೆರಾ ಕೊಟ್ಟಿದ್ದು 2006ರಲ್ಲಿ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಲ್ಲೂ ತೂಕಡಿಕೆ ಎಚ್ಚರಿಕೆ ಕಡ್ಡಾಯವಾಯಿತು. ಗಮನ ಬೇರೆಡೆ ಹೋದಾಗ ಎಚ್ಚರಿಸುವ ವ್ಯವಸ್ಥೆ ಎಲ್ಲ ಹೊಸ ಕಾರುಗಳಿಗೂ ಬರಲು ಇಟ್ಟ ಗಡುವು 2026ರ ಜುಲೈ. ಗಂಟೆಗೆ 50 ಕಿಲೋಮೀಟರ್ ದಾಟಿದ ವೇಗದಲ್ಲಿ ಚಾಲಕನ ನೋಟ ಮೂರೂವರೆ ಸೆಕೆಂಡ್ ಕೆಳಗೇ ಇದ್ದರೆ ಅದು ಎಚ್ಚರಿಸಬೇಕು. ಮೂರೂವರೆ ಸೆಕೆಂಡ್ ಏನು ಮಹಾ ಅನಿಸಬಹುದು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅಷ್ಟರಲ್ಲಿ ಕಾರು ಸುಮಾರು 97 ಮೀಟರ್ ಓಡಿರುತ್ತದೆ. ಟೇಪ್ ಬೇಡ ಎಂದಿದ್ದು ಇದಕ್ಕೇ.

ಆ ಯುರೋಪಿನ ನಿಯಮದಲ್ಲಿ ನನಗೆ ತುಂಬಾ ಹಿಡಿಸಿದ ಮಾತೊಂದಿದೆ. ಈ ವ್ಯವಸ್ಥೆಗಳು ಎಡೆಬಿಡದೆ ರೆಕಾರ್ಡ್ ಮಾಡಬಾರದು, ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಮಾಹಿತಿ ಇಟ್ಟುಕೊಳ್ಳಬಾರದು, ಲೆಕ್ಕ ಮುಗಿದ ಕೂಡಲೇ ಅಳಿಸಬೇಕು, ಮೂರನೆಯವರ ಕೈಗೆ ಸಿಗುವಂತಿರಬಾರದು. ಅಂದರೆ ಕಾರಿನೊಳಗಿನದು ಕಾರಿನೊಳಗೇ. ನಿಮ್ಮ ಕಾರು ಎಲ್ಲಿ ಮಾರಾಟವಾಗಿದ್ದರೂ ಸರಿ, ಕಂಪನಿಯನ್ನು ಪ್ರಶ್ನಿಸಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಡ.

ಹಾಗಿದ್ದರೆ ಚಿಂತೆ ಯಾಕೆ?

ಯಾಕೆಂದರೆ ಕ್ಯಾಮೆರಾಕ್ಕೆ ಅದು ಒಂದೇ ಕೆಲಸ ಅಲ್ಲ. ಎಲೆಕ್ಟ್ರಿಕ್ ಕಾರಿನೊಳಗೆ ಸಾಮಾನ್ಯವಾಗಿ ಒಂದು ಸಿಮ್ ಇರುತ್ತದೆ. ಚಾರ್ಜ್ ಎಷ್ಟಿದೆ ಎಂದು ನಿಮ್ಮ ಫೋನಿಗೆ ಹೇಳುವುದು, ರಾತ್ರಿ ತಾನೇ ಅಪ್‌ಡೇಟ್ ಇಳಿಸಿಕೊಳ್ಳುವುದು ಎಲ್ಲ ಆ ಸಿಮ್ ಮೂಲಕವೇ. ಕಾರಿಗೆ ಬಾಯಿ ಬಂದಿದ್ದು ಹೀಗೆ.

2023ರ ಏಪ್ರಿಲ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಒಂದು ವರದಿ ಮಾಡಿತು. 2019ರಿಂದ 2022ರ ನಡುವೆ ಟೆಸ್ಲಾದ ಕೆಲವು ನೌಕರರು ಗ್ರಾಹಕರ ಕಾರುಗಳ ಕ್ಯಾಮೆರಾ ಹಿಡಿದ ಖಾಸಗಿ ದೃಶ್ಯಗಳನ್ನು ತಮ್ಮೊಳಗೆ ಹಂಚಿಕೊಂಡಿದ್ದರು ಎಂದು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಫೈರ್‌ಫಾಕ್ಸ್ ಬ್ರೌಸರ್‌ನ ಹಿಂದಿರುವ ಮೊಜಿಲ್ಲಾ ಫೌಂಡೇಶನ್ 25 ಕಾರು ಬ್ರಾಂಡುಗಳ ಖಾಸಗಿತನದ ನೀತಿ ಪರೀಕ್ಷಿಸಿತು. ಒಂದೂ ಪಾಸಾಗಲಿಲ್ಲ. 2024ರ ಡಿಸೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಸಮೂಹದ ಸುಮಾರು 8 ಲಕ್ಷ ಎಲೆಕ್ಟ್ರಿಕ್ ಕಾರುಗಳ ಮಾಹಿತಿ ಸರಿಯಾದ ಬೀಗವಿಲ್ಲದೆ ಬಿದ್ದಿತ್ತು ಎಂದು ಗೊತ್ತಾಯಿತು. ಅದರಲ್ಲಿ ಕ್ಯಾಮೆರಾದ ಪಾತ್ರ ಇರಲಿಲ್ಲ. ಬಯಲಾಗಿದ್ದು ಕಾರು ಎಲ್ಲೆಲ್ಲಿ ನಿಂತಿತ್ತು ಎಂಬ ವಿವರ. ಯಾವ ಆಸ್ಪತ್ರೆ, ಯಾರ ಮನೆ, ರಾತ್ರಿ ಎಲ್ಲಿ... ಮುಖದ ಚಿತ್ರಕ್ಕಿಂತ ಇದು ಹೆಚ್ಚು ಹೇಳುತ್ತದೆ, ಅಲ್ವಾ? ಹಾಗಾಗಿ ಕ್ಯಾಮೆರಾ ಒಂದನ್ನೇ ಹಿಡಿದುಕೊಂಡು ಕೂರಬೇಡಿ.

ಮ್ಯಾನ್ಯುಯಲ್ ಇಡೀ ಓದಬೇಕಿಲ್ಲ, ಹುಡುಕಿದರೆ ಸಾಕು

ಕಂಪನಿಯ ವೆಬ್‌ಸೈಟಿನಿಂದ ಮ್ಯಾನ್ಯುಯಲ್ ಮತ್ತು ಖಾಸಗಿತನದ ನೀತಿಯ ಪಿಡಿಎಫ್ ಇಳಿಸಿಕೊಳ್ಳಿ. ನಿಮ್ಮ ಮಾಡೆಲ್ ಮತ್ತು ವರ್ಷದ್ದೇ ಇರಲಿ. ಅದರಲ್ಲಿ ಕ್ಯಾಬಿನ್ ಕ್ಯಾಮೆರಾ, ಡ್ರೈವರ್ ಮಾನಿಟರಿಂಗ್, ಬಯೋಮೆಟ್ರಿಕ್, ಥರ್ಡ್ ಪಾರ್ಟಿ (ಮೂರನೆಯವರು), ರಿಟೆನ್ಷನ್ (ಮಾಹಿತಿ ಇಟ್ಟುಕೊಳ್ಳುವುದು) ಎಂಬ ಪದಗಳನ್ನು ಹುಡುಕಿ. ಸಿಕ್ಕ ಕಡೆಯೆಲ್ಲ ಈ ಮೂರಕ್ಕೆ ಉತ್ತರ ಇದೆಯಾ ನೋಡಿ: ಚಿತ್ರವನ್ನು ಎಲ್ಲಿ ಪರೀಕ್ಷಿಸುತ್ತಾರೆ, ಕಾರಿನಲ್ಲೋ ಕಂಪನಿಯ ಸರ್ವರಿನಲ್ಲೋ? ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಯಾವ ಸಂದರ್ಭದಲ್ಲಿ ಹೊರಗೆ ಕಳಿಸುತ್ತಾರೆ?

"ನಮ್ಮ ಸೇವೆಯನ್ನು ಉತ್ತಮಪಡಿಸಲು ಹಂಚಿಕೊಳ್ಳಬಹುದು" ಎಂಬ ಥರದ ಸಾಲು ಕಂಡರೆ ಅಲ್ಲಿ ನಿಲ್ಲಿ. ಆ 'ಬಹುದು' ತುಂಬಾ ಅಗಲದ ಬಾಗಿಲು. ಅದನ್ನು ಮುಚ್ಚುವ ಸ್ವಿಚ್ ಸೆಟ್ಟಿಂಗ್ಸ್‌ನಲ್ಲಿ ಇರಲೇಬೇಕು ಎಂದುಕೊಂಡು ಹುಡುಕಲು ಹೊರಡಿ.

ಈಗ ಸೆಟ್ಟಿಂಗ್ಸ್

ಅವಸರ ಬೇಡ. ಕಾರು ನಿಲ್ಲಿಸಿಕೊಂಡೇ ಮಾಡಿ. ನಾನು ಮೊದಲ ಸಲ ಕೂತಾಗ ಅರ್ಧ ಗಂಟೆ ಹಿಡಿಯಿತು. ಒಂದೇ ಕಡೆ ಇರುತ್ತದೆ ಅಂದುಕೊಂಡಿದ್ದ ಸ್ವಿಚ್‌ಗಳು ಮೂರು ಬೇರೆ ಬೇರೆ ಪುಟಗಳಲ್ಲಿದ್ದವು. 'ಪ್ರೈವಸಿ' ಪುಟದಲ್ಲಿ ಕೆಲವು, 'ಡ್ರೈವಿಂಗ್ ಅಸಿಸ್ಟೆನ್ಸ್' ಒಳಗೆ ಕೆಲವು, ಇನ್ನು ಕೆಲವು ಫೋನಿನ ಆ್ಯಪ್‌ನಲ್ಲಿ ಮಾತ್ರ.

ಎರಡು ಸ್ವಿಚ್‌ಗಳನ್ನು ಮಾತ್ರ ಒಂದಕ್ಕೊಂದು ಬೆರೆಸಬೇಡಿ. ಚಾಲಕನ ಮೇಲೆ ನಿಗಾ ಇಡುವ ಸ್ವಿಚ್ ಒಂದು. ಅದನ್ನು ಆನ್ ಇಟ್ಟಿರಿ. ಕ್ಯಾಮೆರಾದ ಚಿತ್ರವನ್ನೋ ವಿಡಿಯೊವನ್ನೋ ಕಂಪನಿಗೆ ಕಳಿಸುವ ಸ್ವಿಚ್ ಇನ್ನೊಂದು. ಅದನ್ನು ಆಫ್ ಮಾಡಿ. ಟೆಸ್ಲಾದಲ್ಲಿ ಇದು ಕಂಟ್ರೋಲ್ಸ್, ಸಾಫ್ಟ್‌ವೇರ್, ಡೇಟಾ ಶೇರಿಂಗ್ ಎಂಬ ದಾರಿಯಲ್ಲಿ ಸಿಗುತ್ತದೆ. ನೀವು ಡೇಟಾ ಶೇರಿಂಗ್‌ಗೆ ಒಪ್ಪದ ಹೊರತು ಕ್ಯಾಬಿನ್ ಕ್ಯಾಮೆರಾದ ಚಿತ್ರ ಕಾರಿನಿಂದ ಹೊರಗೆ ಹೋಗುವುದಿಲ್ಲ ಎಂದು ಅವರ ಮ್ಯಾನ್ಯುಯಲ್ ಹೇಳುತ್ತದೆ. ಬೇರೆ ಕಾರುಗಳಲ್ಲಿ ಹೆಸರು ಬೇರೆ. 'ಉತ್ಪನ್ನ ಸುಧಾರಣೆ', 'ಅನಾಲಿಟಿಕ್ಸ್', 'ಸಂಶೋಧನೆಗೆ ನೆರವು' ಎಂದೆಲ್ಲ ಬರೆದಿರಬಹುದು. ಹೆಸರು ನೋಡಿ ಬಿಟ್ಟುಬಿಡಬೇಡಿ, ಪಕ್ಕದ ಸಣ್ಣ ಅಕ್ಷರ ಓದಿ.

ಮುಖ ನೋಡಿ ಸೀಟು, ಕನ್ನಡಿ ತಾನೇ ಹೊಂದಿಸಿಕೊಳ್ಳುವ ಸೌಲಭ್ಯ ಕೆಲವು ಕಾರುಗಳಲ್ಲಿದೆ. ಅದಕ್ಕೆ ನಿಮ್ಮ ಮುಖದ ಗುರುತನ್ನು ಉಳಿಸಿಕೊಳ್ಳಲೇಬೇಕು. ನನಗೆ ಅದು ಬೇಡ ಅನಿಸಿತು, ತೆಗೆದುಹಾಕಿದೆ. ಸೀಟು ಹೊಂದಿಸಲು ಒಂದು ಬಟನ್ ಒತ್ತಿದರೆ ಆಯಿತು. ಹಾಗೆಯೇ ಚಾಲನೆಗೆ ಅಂಕ ಕೊಡುವ 'ಡ್ರೈವಿಂಗ್ ಸ್ಕೋರ್' ಥರದ್ದು. ಎಷ್ಟು ಜೋರಾಗಿ ಬ್ರೇಕ್ ಹಾಕಿದಿರಿ, ಯಾವ ಹೊತ್ತಿನಲ್ಲಿ ಓಡಿಸಿದಿರಿ ಎಂಬುದೆಲ್ಲ ಅಲ್ಲಿ ಸೇರುತ್ತದೆ. ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ಇಂಥ ಮಾಹಿತಿಯನ್ನು ಗ್ರಾಹಕರ ಬಗ್ಗೆ ವರದಿ ತಯಾರಿಸುವ ಸಂಸ್ಥೆಗಳಿಗೆ ಕೊಟ್ಟಿತ್ತು, ಅದು ವಿಮಾ ಕಂಪನಿಗಳ ಕೈಗೂ ಹೋಯಿತು. ಅದನ್ನು ತಡೆಯಲು ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಕ್ರಮಕ್ಕೆ ಮುಂದಾಯಿತು. ಖುಷಿಗೆ ಅಂಕ ನೋಡೋಣ ಅಂತ ಆನ್ ಮಾಡಿದ್ದು ಎಲ್ಲಿಯವರೆಗೆ ಹೋಗಬಹುದು ನೋಡಿ.

ಅಪಘಾತವಾದಾಗ ತಾನೇ ಸಹಾಯಕ್ಕೆ ಕರೆ ಮಾಡುವ ತುರ್ತು ಸೌಲಭ್ಯವನ್ನು ಮಾತ್ರ ಮುಟ್ಟಬೇಡಿ.

ಕೊನೆಗೆ ಪ್ರತಿ ಪುಟದ ಫೋಟೊ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ದೊಡ್ಡ ಅಪ್‌ಡೇಟ್ ಬಂದ ಮೇಲೆ ಮತ್ತೆ ತೆರೆದು ಆ ಫೋಟೊ ಜೊತೆ ಹೋಲಿಸಿ. ನನ್ನ ಕಾರಿನಲ್ಲಿ ಒಂದು ಅಪ್‌ಡೇಟ್ ಆದಮೇಲೆ ಹೊಸದೊಂದು ಸ್ವಿಚ್ ಬಂದು ಕೂತಿತ್ತು, ಆನ್ ಆಗಿಯೇ. ಫೋಟೊ ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಆ್ಯಪ್ ಯಾರ ಯಾರ ಹತ್ತಿರ ಇದೆ?

ಇದನ್ನು ನಾವು ಮರೆಯುವುದೇ ಜಾಸ್ತಿ. ನಮ್ಮ ಚಿಕ್ಕಪ್ಪ ಒಂದು ಹಳೆಯ ಎಲೆಕ್ಟ್ರಿಕ್ ಕಾರು ಕೊಂಡರು. ತಿಂಗಳಾದ ಮೇಲೆ ಹಿಂದಿನ ಮಾಲೀಕರೇ ಫೋನ್ ಮಾಡಿ, "ಸಾರ್, ನಿಮ್ಮ ಕಾರು ಎಲ್ಲಿದೆ ಅಂತ ನನ್ನ ಫೋನಿನಲ್ಲಿ ಇನ್ನೂ ಕಾಣ್ತಾ ಇದೆ, ದಯವಿಟ್ಟು ತೆಗೆಸಿ" ಎಂದರು. ಒಳ್ಳೆಯ ಮನುಷ್ಯ, ತಾವಾಗಿ ಹೇಳಿದರು. ಅಷ್ಟು ದಿನ ಬೀಗ ತೆರೆಯುವ ಬಟನ್ನೂ ಅವರ ಫೋನಿನಲ್ಲೇ ಇತ್ತು.

ಆ್ಯಪ್ ತೆರೆದು, ಕಾರಿಗೆ ಜೋಡಿಸಿದ ಖಾತೆಗಳು ಮತ್ತು ಫೋನ್‌ಗಳ ಪಟ್ಟಿ ನೋಡಿ. ಗುರುತಿಲ್ಲದ್ದನ್ನು ಅಳಿಸಿ, ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಲಾಗಿನ್ ಇದ್ದರೆ ಹಾಕಿಕೊಳ್ಳಿ. ಕಾರಿನೊಳಗಿನ ಕ್ಯಾಮೆರಾವನ್ನು ದೂರದಿಂದ ಆ್ಯಪ್‌ನಲ್ಲೇ ನೋಡುವ ಸೌಲಭ್ಯ ಕೆಲವು ಕಾರುಗಳಲ್ಲಿದೆ. ಅಂಥ ಕಾರಿನಲ್ಲಿ ಪಾಸ್‌ವರ್ಡ್ ಯಾರ ಕೈಯಲ್ಲಿದೆ ಎಂಬುದೇ ಮುಖ್ಯ ಪ್ರಶ್ನೆ. ಕಾರು ಮಾರುವಾಗ ಫ್ಯಾಕ್ಟರಿ ರೀಸೆಟ್ ಮಾಡಿದರಷ್ಟೇ ಸಾಲದು, ಆ್ಯಪ್‌ನಿಂದಲೂ ಕಾರನ್ನು ತೆಗೆಯಬೇಕು. ಬಾಡಿಗೆ ಕಾರಿಗೆ ಫೋನ್ ಜೋಡಿಸಿದ್ದರೆ ಹಿಂತಿರುಗಿಸುವ ಮುಂಚೆ ಅಳಿಸಿ, ನಿಮ್ಮ ಕಾಂಟ್ಯಾಕ್ಟ್ ಪಟ್ಟಿ ಅದರಲ್ಲಿ ಉಳಿದಿರಬಹುದು.

ಕಂಪನಿಗೆ ಒಂದು ಪತ್ರ

ನೀತಿಯಲ್ಲಿ ಉತ್ತರ ಸಿಗದಿದ್ದರೆ ಕೇಳಿಬಿಡಿ. ಖಾಸಗಿತನದ ನೀತಿಯ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಇಮೇಲ್ ವಿಳಾಸ ಇರುತ್ತದೆ. ಉದ್ದದ ಪತ್ರ ಬೇಡ. "ನನ್ನ ಕಾರಿನ ಒಳಗಿನ ಕ್ಯಾಮೆರಾದಿಂದ ಬಂದ ಯಾವ ಮಾಹಿತಿ ನಿಮ್ಮ ಬಳಿ ಇದೆ? ಎಷ್ಟು ದಿನ ಇಡುತ್ತೀರಿ? ಯಾರಿಗೆ ಕೊಟ್ಟಿದ್ದೀರಿ? ಅದರ ಪ್ರತಿ ಕಳಿಸಿ" ಎಂದು ಬರೆದು ಕಾರಿನ ನೋಂದಣಿ ವಿವರ ಕೊಡಿ. ಯುರೋಪಿನಲ್ಲಿ ಇಂಥ ಪತ್ರಕ್ಕೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರಿಸಬೇಕು. ಬೇರೆ ಎಷ್ಟೋ ದೇಶಗಳಲ್ಲೂ ಈ ಹಕ್ಕು ಕಾನೂನಿನಲ್ಲಿದೆ. ಕೇಳುವವರು ಹೆಚ್ಚಾದಷ್ಟೂ ಉತ್ತರ ಸ್ಪಷ್ಟವಾಗುತ್ತದೆ.

ಇನ್ನೊಂದು ಬಾಕಿ ಇತ್ತು

ಇಷ್ಟೆಲ್ಲ ಮಾಡಿ ಮುಗಿಸಿ ಅಮ್ಮನನ್ನು ಕೂರಿಸಿಕೊಂಡು ಹೊರಟೆ. ಸ್ವಿಚ್‌ಗಳನ್ನೆಲ್ಲ ತೋರಿಸಿ, "ಇನ್ನು ನೋಡುತ್ತೆ, ಆದರೆ ಯಾರಿಗೂ ಹೇಳಲ್ಲ" ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಮಾತಾಡಿದ್ದು ಕೇಳಿಸ್ಕೊಳ್ಳುತ್ತೇನೋ?" ಎಂದಳು.

ಮೈಕಿನ ವಿಷಯ ನಾನು ಯೋಚಿಸಿಯೇ ಇರಲಿಲ್ಲ. ಹೆಸರು ಹಿಡಿದು ಕರೆದರೆ ಓಗೊಡುವ ಕಾರಿನ ಮೈಕು ಆ ಹೆಸರಿಗಾಗಿ ಸದಾ ಕಿವಿ ತೆರೆದೇ ಇರಬೇಕಾಗುತ್ತದೆ. ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ವಾಯ್ಸ್ ಅಸಿಸ್ಟೆಂಟ್ ಪುಟ ತೆರೆದು, ಕರೆದರೆ ಏಳುವ ಸ್ವಿಚ್ ಆಫ್ ಮಾಡಿದೆ. ಧ್ವನಿಯ ತುಣುಕುಗಳನ್ನು ಕಂಪನಿಗೆ ಕಳಿಸುವ ಇನ್ನೊಂದು ಸ್ವಿಚ್ ಅದರ ಕೆಳಗೇ ಇತ್ತು, ಅದನ್ನೂ ಆಫ್ ಮಾಡಿದೆ. ಈಗ ಸ್ಟೀರಿಂಗ್ ಮೇಲಿನ ಬಟನ್ ಒತ್ತಿದರೆ ಮಾತ್ರ ಅಸಿಸ್ಟೆಂಟ್ ಎದ್ದು ಉತ್ತರ ಕೊಡುತ್ತದೆ. ಅಮ್ಮ ಒಂದೆರಡು ಸಲ ಅದನ್ನು ಹೆಸರು ಹಿಡಿದು ಕರೆದು ನೋಡಿದಳು. ಉತ್ತರ ಬರಲಿಲ್ಲ. ಆಮೇಲೆ ಅತ್ತೆ ಮನೆಯ ಸುದ್ದಿ ಶುರು ಮಾಡಿದಳು.