ಬಾಲ್ ಜಾಯಿಂಟ್ ಬಿಡದಿದ್ರ ಮಗ್ಗಲಕ್ಕ ಬಡೀರಿ
ಗಾಡಿ ಗಾಲಿ ಕಡೆ ಲೋವರ್ ಆರ್ಮ್ (ಕೆಳಗಿನ ತೋಳು) ಕೂಡಿಸೋ ಗುಂಡು ಕೀಲು, ಅಂದ್ರ ಬಾಲ್ ಜಾಯಿಂಟ್, ಬಿಡವಲ್ದಂದ್ರ ಪಿನ್ನಿನ ತುದಿಗೆ ಬಡೀಬ್ಯಾಡ್ರಿ, ಥ್ರೆಡ್ ಕೆಡ್ತದ. ನಟ್ ಮೂರ್ನಾಲ್ಕು ಸುತ್ತು ಉಳಿಸಿ, ಉದ್ದನ ಪೈಪಿನಿಂದ ಲೋವರ್ ಆರ್ಮ್ ಕೆಳಕ್ಕ ಒತ್ತಿ ಹಿಡೀಲಿಕ್ಕೆ ಒಬ್ಬರನ್ನ ನಿಲ್ಲಿಸ್ರಿ. ಪಿನ್ ಕೂತಿರೋ ನಕಲ್‌ನ (ಗಾಲಿ ಹಿಡಿಯೋ ಲೋಹದ ತುಂಡಿನ) ಕಣ್ಣಿಗೆ ಮಗ್ಗಲದಿಂದ ದೊಡ್ಡ ಸುತ್ತಿಗೀಲೆ ನಾಲ್ಕೈದು ಗಟ್ಟಿ ಏಟು ಹಾಕ್ರಿ. ನಮ್ಮ ವಿಜಯಪುರದ ಎರಿ ಮಣ್ಣು ಒಣಗಿ ಕಲ್ಲಾಗಿದ್ರ ಮೊದಲ ತಂತಿ ಬ್ರಶ್‌ಲೆ ಕೆರೀರಿ. ಪಿನ್ನು ಗೂಟದಂಗ ತುದಿಗೆ ಸಣ್ಣದು, ಬಿಗಿಯಾಗಿ ಕಚ್ಚಿರ್ತದ. ಏಟಿಗೆ ಕಣ್ಣು ಒಂದು ಕ್ಷಣ ಬಾಗಿದ್ರ ಹಿಡಿತ ತಪ್ಪಿ ಟಕ್ ಅಂತ ಬಿಡ್ತದ, ಉಳಿಸಿದ ನಟ್ ಆರ್ಮ್ ಹಾರದಂಗ ತಡೀತದ. ನಕಲ್ ಅಲ್ಯೂಮಿನಿಯಂದಿದ್ರ ಬಡೀಲೇಬ್ಯಾಡ್ರಿ, ಸೀಳ್ತದ, ಪುಲ್ಲರ್ (ಜಾಯಿಂಟ್ ಒತ್ತಿ ಬಿಡಿಸೋ ಸಾಧನ) ಹಾಕ್ರಿ. ಅಡ್ಡ ಬೋಲ್ಟಿನಿಂದ ಹಿಡಿದಿರೋ ಜಾಯಿಂಟಿಗೂ ಇದು ನಡ್ಯಂಗಿಲ್ಲ, ಅಲ್ಲಿ ಬೋಲ್ಟ್ ಪೂರಾ ತೆಗೆದು ಸೀಳಿನ್ಯಾಗ ಅಗಲ ಉಳಿ ತೂರಿಸಿ ಸಡಿಲ ಮಾಡ್ರಿ. ಗಾಡಿ ಬರೇ ಜಾಕ್ ಮ್ಯಾಲಿದ್ದಾಗ ದಯವಿಟ್ಟು ಕೈ ಹಾಕಬ್ಯಾಡ್ರಿ, ಸ್ಟ್ಯಾಂಡ್ ಕೊಡ್ರಿ.