ವಹಿ ಹಿಡಿದು ಗೆದ್ದ ಶಿಕ್ಷಕರ ಕ್ಷೇತ್ರ: ನನ್ನ ಅನುಭವ

ಶಿಕ್ಷಕರೇ ಮತ ಹಾಕಿ ವಿಧಾನ ಪರಿಷತ್ತಿಗೆ ಸದಸ್ಯನನ್ನು ಕಳಿಸುವ ಶಿಕ್ಷಕರ ಕ್ಷೇತ್ರದಲ್ಲಿ ದುಡ್ಡು ಚೆಲ್ಲದೆ ಗೆಲ್ಲೋದು ಆಗದ ಮಾತು ಅಂತ ನನಗೆ ಹೇಳದವರೇ ಇಲ್ಲ. ಪಕ್ಷದವರು ಹೇಳಿದರು, ಸಂಘದ ಹಳಬರು ಹೇಳಿದರು, ನನ್ನ ಜೊತೆಗೇ ಗಣಿತ ಪಾಠ ಮಾಡುತ್ತಿದ್ದ ಗೆಳೆಯರೂ ಹೇಳಿದರು. ದೈಹಿಕ ಶಿಕ್ಷಕರಾಗಿದ್ದ ಬಸವರಾಜ ಹೊರಟ್ಟಿಯವರು ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ 1980ರಿಂದ 2022ರವರೆಗೆ ಎಂಟು ಸಲ ಆರಿಸಿ ಬಂದಿದ್ದಾರಲ್ಲ ಅಂದರೆ, “ಅವರ ಮಾತು ಬೇರೆ, ನಿಮ್ಮ ಮಾತು ಬೇರೆ” ಅನ್ನುತ್ತಿದ್ದರು. ಈಗ ವಿಧಾನ ಪರಿಷತ್ತಿನಲ್ಲಿ ನನ್ನ ಮೂರನೇ ಅವಧಿ ನಡೆಯುತ್ತಿದೆ. ಕಣಕ್ಕಿಳಿಯಬೇಕು ಅಂತಿರುವ ಮೇಷ್ಟ್ರುಗಳು ಬಂದು ಕೇಳುವುದು ಹೆಚ್ಚಾಗಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ನಮೂನೆ 19 ಅಂದರೆ ಮತದಾರರ ಪಟ್ಟಿಗೆ ಸೇರುವ ಅರ್ಜಿ, ಪ್ರಾಶಸ್ತ್ಯ ಮತ ಅಂದರೆ ಅಭ್ಯರ್ಥಿಗಳ ಮುಂದೆ 1, 2, 3 ಅಂತ ಇಷ್ಟದ ಕ್ರಮ ಬರೆಯುವುದು; ಇದಕ್ಕಿಂತ ಹೆಚ್ಚಿನ ಪಾಠ ಇಲ್ಲಿಲ್ಲ.

ಮೊದಲ ಸಲ ಪಕ್ಷೇತರನಾಗಿ ನಿಂತೆ. ಅನುದಾನಿತ ಪ್ರೌಢಶಾಲೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟೇ ಅರ್ಜಿ ಹಾಕಿದ್ದು. ಠೇವಣಿ ಆಗ 5,000 ಇತ್ತು, ಈಗ 10,000. ಒಟ್ಟು ಖರ್ಚು ನಾಲ್ಕು ಲಕ್ಷದ ಆಸುಪಾಸು: ಅರ್ಧ ಪತ್ತಿನ ಸಂಘದ ಸಾಲ, ಉಳಿದದ್ದು ಮನೆಯವಳ ಬಳೆ ಮತ್ತು ನನ್ನ ಭವಿಷ್ಯ ನಿಧಿ. ಬಿದ್ದ ಮತ ಸಾವಿರವನ್ನೂ ಮುಟ್ಟಲಿಲ್ಲ. ಸಿಂಧು ಮತದ ಆರನೇ ಒಂದು ಭಾಗ ದಾಟದಿದ್ದರೆ ಠೇವಣಿ ಹೋಗುತ್ತದಲ್ಲ, ಹೋಯಿತು. ಎರಡನೇ ಸಲ ಒಂದು ಪಕ್ಷ ಟಿಕೆಟ್ ಕೊಟ್ಟಿತು, ಹಣ ನೀವೇ ನೋಡಿಕೊಳ್ಳಿ ಅಂದಿತು. ಲೋಕಸಭೆ, ವಿಧಾನಸಭೆಗೆ ಇರುವಂತೆ ಪರಿಷತ್ ಚುನಾವಣೆಗೆ ವೆಚ್ಚದ ಮಿತಿ ಇಲ್ಲ. ಹಣವಂತನಿಗೆ ಇದು ತೆರೆದ ಬಾಗಿಲು. ಎದುರಾಳಿ ಕಡೆಯಿಂದ ಶಾಲೆ ಶಾಲೆಗೆ ಉಡುಗೊರೆ ಚೀಲ ಹೋದವು, ಭಾನುವಾರಗಳಲ್ಲಿ ಊಟ ನಡೆದವು. ಇದ್ದ ಸೈಟು ಮಾರಿ ನಾನು ಹನ್ನೊಂದು ಲಕ್ಷ ಹಾಕಿದೆ. ಮೊದಲ ಪ್ರಾಶಸ್ತ್ಯದಲ್ಲಿ ನಾನೇ ಮುಂದಿದ್ದೆ, ಆದರೆ ಗೆಲ್ಲಲು ಬೇಕಾದ ಕೋಟಾ, ಅಂದರೆ ಸಿಂಧು ಮತದ ಅರ್ಧಕ್ಕಿಂತ ಹೆಚ್ಚು, ಮುಟ್ಟಲಿಲ್ಲ. ಕೆಳಗಿನವರನ್ನು ಒಬ್ಬೊಬ್ಬರಾಗಿ ತೆಗೆದು ಅವರ ಎರಡನೇ ಪ್ರಾಶಸ್ತ್ಯ ಹಂಚುತ್ತ ಹೋದಂತೆ ಅಂತರ ಕರಗಿತು. ಬೆಳಗಿನ ಜಾವ ಇನ್ನೂರು ಚಿಲ್ಲರೆ ಮತದಲ್ಲಿ ಸೋಲು.

ಆ ಎಣಿಕೆಯಲ್ಲಿ ಕೂತಾಗಲೇ ನನಗೆ ದಾರಿ ಕಂಡಿದ್ದು. ಎರಡನೇ ಪ್ರಾಶಸ್ತ್ಯವನ್ನು ಯಾರೂ ಉಡುಗೊರೆಗೆ ಕೊಡುವುದಿಲ್ಲ. ಒಂದು ಅಂಕಿ ತನ್ನವನಿಗೆ ಬರೆದ ಮೇಲೆ ಮೇಷ್ಟ್ರು ಎರಡು ಅಂತ ಯಾರಿಗೆ ಬರೀತಾರೆ? ತನ್ನ ಕೆಲಸ ಮಾಡಿಕೊಟ್ಟವನಿಗೆ. ಹಾಗಾದರೆ ಕೆಲಸ ಮಾಡಬೇಕು, ಅದೂ ಅಧಿಕಾರ ಇಲ್ಲದಿರುವಾಗಲೇ.

ಉದ್ದನೆಯ ಒಂದು ಹಾಜರಿ ವಹಿ ತಂದು ಕಾಲಂ ಗೆರೆ ಹಾಕಿದೆ. ಶಿಕ್ಷಕರ ಹೆಸರು, ಶಾಲೆ, ನೇಮಕವಾದ ದಿನ, ನೇಮಕಾತಿಗೆ ಅನುಮೋದನೆ ಸಿಕ್ಕ ದಿನ, ಶಾಲೆ ಅನುದಾನಕ್ಕೆ ಒಳಪಟ್ಟ ದಿನ, ಬಾಕಿ ಇರುವ ಕೆಲಸ, ಕಡತ ಯಾವ ಮೇಜಿನಲ್ಲಿದೆ, ಕೊನೆಯ ಆಕ್ಷೇಪಣೆ ಏನು. ಅವರು ಯಾರ ಕಡೆ ಅನ್ನುವ ಕಾಲಂ ಹಾಕಲಿಲ್ಲ, ಇವತ್ತಿಗೂ ಇಲ್ಲ. ಒಂದು ಹಳೆಯ ಬೈಕು, ಆ ವಹಿ, ಒಂದು ಕ್ಯಾಲ್ಕುಲೇಟರು, ಇಷ್ಟೇ ನನ್ನ ಕಚೇರಿ. ಹತ್ತು ವರ್ಷದ ಕಾಲಮಿತಿ ಬಡ್ತಿ ತಪ್ಪಿದವರು, ಸೇವಾ ಪುಸ್ತಕದಲ್ಲಿ ನಮೂದಾಗದೆ ಪಿಂಚಣಿ ನಿಂತವರು, ಗಂಡ ತೀರಿಕೊಂಡು ಅನುಕಂಪದ ನೌಕರಿಗೆ ಅಲೆಯುತ್ತಿದ್ದ ಹೆಣ್ಣುಮಕ್ಕಳು, ಎಲ್ಲರದ್ದೂ ಅದರಲ್ಲಿ ಏರಿತು. ವೇತನ ನಿಗದಿಯ ತಖ್ತೆಯನ್ನು ನಾನೇ ಲೆಕ್ಕ ಹಾಕಿ ಕೊಡುತ್ತಿದ್ದೆ. ನಾನು ಹಾಕಿದ ತಖ್ತೆಗೆ ಆಡಿಟ್‌ನಲ್ಲಿ ಆಕ್ಷೇಪಣೆ ಬಂದದ್ದು ನನಗೆ ನೆನಪಿಲ್ಲ. ನಮ್ಮ ಜಿಲ್ಲೆಯ ಕಚೇರಿಯಲ್ಲಿ ಕಡತ ನೋಡುವ ವಿಷಯ ನಿರ್ವಾಹಕರೇ ಕಷ್ಟದ ಪ್ರಕರಣ ಬಂದರೆ “ಗಣಿತದ ಮೇಷ್ಟ್ರ ಹತ್ತಿರ ಒಮ್ಮೆ ತೋರಿಸಿ” ಅಂತ ಕಳಿಸುವಷ್ಟು ಹೆಸರಾಯಿತು.

“ಇದರಿಂದ ಓಟು ಬರಲ್ಲ ಸಾರ್, ಕೆಲಸ ಮಾಡಿಸಿಕೊಂಡು ಮರೀತಾರೆ” ಅಂದರು ಸಂಘದವರು. ಕೆಲವರು ಮರೆತದ್ದು ನಿಜ. ಆದರೆ ವಹಿಯಿಂದ ನಾನು ಎಣಿಸದ ಇನ್ನೊಂದು ಲಾಭ ಆಯಿತು. ನಮ್ಮ ಕ್ಷೇತ್ರದ ಮತದಾರರ ಪಟ್ಟಿ ಪ್ರತಿ ಸಲವೂ ಹೊಸದಾಗಿ ತಯಾರಾಗುತ್ತದೆ. ಹಿಂದಿನ ಸಲ ಮತ ಹಾಕಿದವನೂ ಮತ್ತೆ ಅರ್ಜಿ ಕೊಡಬೇಕು. ನವೆಂಬರ್ 1ಕ್ಕೆ ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷ ಪ್ರೌಢಶಾಲೆ ಅಥವಾ ಅದಕ್ಕಿಂತ ಮೇಲಿನ ಸಂಸ್ಥೆಯಲ್ಲಿ ಬೋಧಿಸಿರಬೇಕು. ಬೇರೆ ಅಭ್ಯರ್ಥಿಗಳು ಅಕ್ಟೋಬರ್ ಪ್ರಕಟಣೆ ಬಂದ ಮೇಲೆ ಓಡಾಡಲು ಶುರು ಮಾಡುತ್ತಾರೆ. ನನಗೆ ಜುಲೈನಲ್ಲೇ ಯಾವ ಶಾಲೆಯಲ್ಲಿ ಯಾರಿಗೆ ಮೂರು ವರ್ಷ ತುಂಬಿದೆ ಅಂತ ಗೊತ್ತಿರುತ್ತಿತ್ತು. ಅಭ್ಯರ್ಥಿಯ ಕಡೆಯವರು ಕಟ್ಟುಗಟ್ಟಲೆ ಅರ್ಜಿ ತಂದರೆ ತೆಗೆದುಕೊಳ್ಳುವುದಿಲ್ಲ, ಆದರೆ ಮುಖ್ಯ ಶಿಕ್ಷಕರು ತಮ್ಮ ಸಿಬ್ಬಂದಿಯ ಅರ್ಜಿಗಳನ್ನು ಒಟ್ಟಿಗೆ ಕಳಿಸಬಹುದು. ಹಾಗಾಗಿ ನಾನು ಹಿಡಿದದ್ದು ಮುಖ್ಯ ಶಿಕ್ಷಕರನ್ನು. ಸುಮಾರು ಹದಿನೆಂಟು ಸಾವಿರ ಮತದಾರರ ಪಟ್ಟಿಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಹೆಸರು ನನ್ನ ವಹಿಯಿಂದಲೇ ಹೋಗಿರಬೇಕು. ಅನುದಾನರಹಿತ ಶಾಲೆಗಳ ಶಿಕ್ಷಕರನ್ನು ಮೊದಲು ಯಾರೂ ಕೇಳುತ್ತಲೇ ಇರಲಿಲ್ಲ. ಆರೇಳು ಸಾವಿರ ಸಂಬಳಕ್ಕೆ ದುಡಿಯುವ ಆ ಹುಡುಗ ಹುಡುಗಿಯರಿಗೂ ಮತವಿದೆ ಅಂತ ಮನವರಿಕೆ ಮಾಡಲು ನನಗೆ ಒಂದು ಪೂರ್ತಿ ಬೇಸಿಗೆ ಹಿಡಿಯಿತು.

ಮೂರನೇ ಸಲ ಗೆದ್ದೆ. ಖರ್ಚು ಆರು ಲಕ್ಷದೊಳಗೆ, ಅದರಲ್ಲಿ ಡೀಸೆಲ್ಲೇ ಅರ್ಧ. ಮೊದಲ ಪ್ರಾಶಸ್ತ್ಯದಲ್ಲಿ ಎರಡನೇ ಸ್ಥಾನದಲ್ಲಿದ್ದವನು ಕೊನೆಯ ಸುತ್ತಿನಲ್ಲಿ ಮೇಲೆ ಬಂದೆ. ಎರಡನೇ ಪ್ರಾಶಸ್ತ್ಯವನ್ನು ಯಾವ ತಾಲ್ಲೂಕಿನಲ್ಲಿ, ಯಾರ ಬೆಂಬಲಿಗರಲ್ಲಿ, ಯಾವ ವಾರ ಕೇಳಬೇಕು ಅನ್ನುವುದಕ್ಕೆ ಒಂದು ಕ್ರಮ ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಇನ್ನೂ ಚುನಾವಣೆಗಳಿವೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಶಿಕ್ಷಕರೇ ಹಾಕಿದ ಮತಗಳಲ್ಲಿ ಪ್ರತಿ ಸಲ ಸಾವಿರದ ಹತ್ತಿರ ತಿರಸ್ಕೃತವಾಗುತ್ತವೆ. ಯಾರೋ ಸರಿ ಗುರುತು ಹಾಕಿರುತ್ತಾರೆ, ಯಾರೋ ಸಹಿ ಮಾಡಿರುತ್ತಾರೆ, ಯಾರೋ ಆಯೋಗ ಕೊಟ್ಟ ನೇರಳೆ ಸ್ಕೆಚ್ ಪೆನ್ ಬಿಟ್ಟು ಜೇಬಿನ ಪೆನ್ನಿನಲ್ಲಿ ಬರೆದಿರುತ್ತಾರೆ. ಸ್ಟಾಫ್ ರೂಮಿನಲ್ಲಿ ಹಣ್ಣುಗಳ ಹೆಸರಿರುವ ಮಾದರಿ ಮತಪತ್ರ ಕೊಟ್ಟು ನೇರಳೆ ಪೆನ್ನಿನಲ್ಲೇ 1, 2, 3 ಬರೆಸಿ ನೋಡಿದೆ. ಶಾಲೆಗಳಲ್ಲಿ ಚೆನ್ನಾಗಿ ನಡೆಯಿತು. ಆದರೆ ಎಣಿಕೆಗೆ ಮೊದಲು ಎಲ್ಲ ಮತಗಟ್ಟೆಗಳ ಮತಪತ್ರ ಬೆರೆಸಿಬಿಡುವುದರಿಂದ ನಾನು ಹೋದ ತಾಲ್ಲೂಕುಗಳಲ್ಲಿ ಎಷ್ಟು ಉಳಿಯಿತು ಅಂತ ಅಳೆಯಲು ದಾರಿಯೇ ಇಲ್ಲ. ವಾಟ್ಸಾಪ್ ಗುಂಪುಗಳನ್ನು ತಾಲ್ಲೂಕಿಗೊಂದರಂತೆ ಮಾಡಿದೆ. ಹುಟ್ಟುಹಬ್ಬದ ಶುಭಾಶಯದಲ್ಲಿ ಕೆಲಸದ ಮಾತು ಮುಳುಗಿಹೋಯಿತು, ಮುಚ್ಚಿದೆ. ಅಂಚೆ ಕಾರ್ಡೇ ಹೆಚ್ಚು ಫಲ ಕೊಟ್ಟಿತು: “ನಿಮ್ಮ ಕಡತ ಇಂಥ ದಿನ ಇಲ್ಲಿಗೆ ಬಂದಿದೆ” ಅಂತ ಎರಡೇ ಸಾಲು. ಆ ಕಾರ್ಡನ್ನು ಇನ್ನೂ ಇಟ್ಟುಕೊಂಡವರಿದ್ದಾರೆ.

ಸದನದ ಒಳಗೆ ಹೋದ ಮೇಲೂ ವಹಿಯನ್ನೇ ಮುಂದುವರಿಸಿದೆ. 75 ಸದಸ್ಯರ ಮನೆಯಲ್ಲಿ ಶಿಕ್ಷಕರ ಕ್ಷೇತ್ರದವರು ಏಳೇ ಜನ. ಕೂಗಾಡಿದರೆ ಮರುದಿನ ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ಕಡತ ಕದಲುವುದಿಲ್ಲ. ವಹಿಯಲ್ಲಿ ಒಂದೇ ಬಗೆಯ ಇಪ್ಪತ್ತು ಮೂವತ್ತು ಪ್ರಕರಣ ಸೇರಿದ ಕೂಡಲೇ ಅದನ್ನು ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆ, ಮಾಡುತ್ತೇನೆ. ಪ್ರಶ್ನೆಗಳನ್ನು ಆರಿಸಲು ಚೀಟಿ ಎತ್ತುವಾಗ ನನ್ನದು ಬರದಿದ್ದರೆ, ವಿಷಯವನ್ನು ಸದನದಲ್ಲಿ ಎತ್ತಲು ನಿಯಮ 330ರಡಿ ಸೂಚನೆ ಕೊಡುತ್ತೇನೆ. ಉಪಪ್ರಶ್ನೆಯಲ್ಲಿ ಭಾಷಣ ಮಾಡುವುದಿಲ್ಲ, ಮುಗಿಸುವ ತಿಂಗಳು ಯಾವುದು ಅಂತ ಮಾತ್ರ ಕೇಳುತ್ತೇನೆ. ಸಚಿವರು ಒಂದು ತಿಂಗಳ ಹೆಸರು ಹೇಳಿದರೆ ಸಾಕು, ಅದು ಭರವಸೆಯಾಗಿ ದಾಖಲಾಗಿ ಭರವಸೆಗಳ ಸಮಿತಿಗೆ ಹೋಗುತ್ತದೆ. ಅಲ್ಲಿ ಅಧಿಕಾರಿಗಳೇ ಬಂದು ಉತ್ತರ ಕೊಡಬೇಕು. ಹೊಸಬರು ಸಮಿತಿ ಅಂದರೆ ಪ್ರವಾಸ ಅಂದುಕೊಳ್ಳುತ್ತಾರೆ. ನನ್ನ ಕೆಲಸದ ಮುಕ್ಕಾಲು ಆಗಿರುವುದು ಸಮಿತಿಯ ಮೇಜಿನಲ್ಲೇ. 1987ರಿಂದ 1995ರ ನಡುವೆ ಶುರುವಾದ ಶಾಲೆಗಳ ಅನುದಾನದ ಸಾಲು ಸಾಲು ಪ್ರಕರಣಗಳನ್ನು ಹೀಗೇ ಹಿಂಬಾಲಿಸಿದೆ. ಕಡತ ಕೋಣೆಯಿಂದ ಕೋಣೆಗೆ ಹೋದದ್ದು ನನಗೆ ಹೇಗೆ ತಿಳಿಯುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಅದೂ ನನ್ನಲ್ಲೇ ಇರಲಿ.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ ಎರಡು ಕೋಟಿ. ವಿಧಾನಸಭೆಯ ಶಾಸಕನಿಗೆ ಒಂದೇ ಕ್ಷೇತ್ರ, ನಮಗೆ ಹಲವು ಜಿಲ್ಲೆ. ಎಲ್ಲರಿಗೂ ಹಂಚಿದರೆ ಒಂದು ಶಾಲೆಗೆ ಒಂದು ಬೀರು ಬರುತ್ತದೆ. ನಾನು ಹೆಣ್ಣುಮಕ್ಕಳ ಶೌಚಾಲಯ ಮತ್ತು ಪ್ರಯೋಗಾಲಯ ಎರಡಕ್ಕೇ ಕೊಡುತ್ತೇನೆ, ಸಮುದಾಯ ಭವನಕ್ಕೆ ಕೊಟ್ಟಿಲ್ಲ. ಇದರಿಂದ ಮುನಿಸಿಕೊಂಡ ಆಡಳಿತ ಮಂಡಳಿಗಳಿವೆ.

ಎರಡನೇ ಅವಧಿಗೆ ನಿಂತಾಗ ಒಂದು ಸಂಗತಿ ಮನಸ್ಸಿಗೆ ನಾಟಿತು. ಪಾಠ ಬಿಟ್ಟು ಮೂರು ವರ್ಷ ಎಂದೋ ದಾಟಿದ್ದರಿಂದ ಶಿಕ್ಷಕರ ಪಟ್ಟಿಯಲ್ಲಿ ನನ್ನ ಹೆಸರೇ ಇಲ್ಲ. ಅಭ್ಯರ್ಥಿಯಾಗಲು ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರನಾಗಿದ್ದರೆ ಸಾಕು, ಶಿಕ್ಷಕನೇ ಆಗಿರಬೇಕಿಲ್ಲ. ಮತ ಹಾಕಲು ಮಾತ್ರ ಶಿಕ್ಷಕನಾಗಿರಬೇಕು. ಆ ಸಲ ಕೋಟಾ ಮೊದಲ ಪ್ರಾಶಸ್ತ್ಯದಲ್ಲೇ ದಾಟಿತು. ಖರ್ಚು ಎಂಟು ಲಕ್ಷದ ಹತ್ತಿರ. ಮೊದಲೆರಡು ಸೋಲಿನ ಸಾಲ ತೀರಿದ್ದೂ ಆ ಹೊತ್ತಿಗೇ.

ಈಗಿನ ವಹಿಯಲ್ಲಿ ಅತಿ ಹೆಚ್ಚು ಪುಟ ತಿಂದಿರುವುದು 1-4-2006ರ ನಂತರ ನೇಮಕವಾಗಿ ಹಳೆಯ ಪಿಂಚಣಿ ತಪ್ಪಿದ ಅನುದಾನಿತ ಶಿಕ್ಷಕರ ಪ್ರಕರಣ. 2022ರಲ್ಲಿ ಇವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತದ್ದು ನಿಮಗೆ ನೆನಪಿರಬಹುದು. ಇವರಲ್ಲಿ ನಿವೃತ್ತಿಗೆ ಹತ್ತಿರವಾದವರ, ನಿವೃತ್ತರಾದವರ, ಸೇವೆಯಲ್ಲೇ ತೀರಿಕೊಂಡವರ ಪಟ್ಟಿಯನ್ನು ಬೇರೆ ಬೇರೆ ಮಾಡುತ್ತಿದ್ದೇನೆ. ನಿಮ್ಮ ತಾಲ್ಲೂಕಿನ ಪಟ್ಟಿ ಇದ್ದರೆ ನೇಮಕಾತಿ ಅನುಮೋದನೆಯ ಆದೇಶದ ಪ್ರತಿ ಸಮೇತ ತನ್ನಿ, ಬರೀ ಹೆಸರು ಬರೆದು ತಂದರೆ ಸದನದಲ್ಲಿ ಪ್ರಶ್ನೆ ಗಟ್ಟಿಯಾಗಿ ನಿಲ್ಲುವುದಿಲ್ಲ.