ಟೆಕ್ಸಸ್‌ನಲ್ಲಿ ಮನೆ ತೆರಿಗೆ ಇಳಿಸಿಕೊಳ್ಳುವುದು ಹೇಗೆ?

ಟೆಕ್ಸಸ್‌ನಲ್ಲಿ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆ ಇಲ್ಲ. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಕಡೆ ಕೆಲಸ ಸಿಕ್ಕಿದ ನಮ್ಮವರು ಮೊದಲು ಖುಷಿಪಡುವುದೇ ಇದಕ್ಕೆ. ಮನೆ ಕೊಂಡ ಮೇಲೆ ಇನ್ನೊಂದು ಮುಖ ಕಾಣುತ್ತದೆ. ಶಾಲೆ, ಕೌಂಟಿ, ನಗರ, ಆಸ್ಪತ್ರೆ, ಸಮುದಾಯ ಕಾಲೇಜು ಎಲ್ಲವೂ ಮನೆ ತೆರಿಗೆಗೇ ಕೈ ಚಾಚುತ್ತವೆ. ಹೊಸ ಬಡಾವಣೆಯಲ್ಲಿ 5 ಲಕ್ಷ ಡಾಲರ್ ಬೆಲೆಯ ಮನೆಗೆ ವರ್ಷಕ್ಕೆ 8ರಿಂದ 10 ಸಾವಿರ ಡಾಲರ್ ಬಿಲ್ ಬಂದರೆ ಇಲ್ಲಿ ಯಾರಿಗೂ ಆಶ್ಚರ್ಯವಿಲ್ಲ.

ಬೆಂಗಳೂರಿನಲ್ಲಿ ಮನೆಯ ಅಳತೆ ಬರೆದು ನಾವೇ ಲೆಕ್ಕ ಹಾಕಿ ಕಂದಾಯ ಕಟ್ಟಿ ಅಭ್ಯಾಸ. ಇಲ್ಲಿ ಹಾಗಲ್ಲ. ಪ್ರತಿ ವರ್ಷ ಜನವರಿ 1ಕ್ಕೆ ನಿಮ್ಮ ಮನೆಯ ಬೆಲೆ ಎಷ್ಟು ಅಂತ ಸ್ಥಳೀಯ ಅಪ್ರೈಸಲ್ ಡಿಸ್ಟ್ರಿಕ್ಟ್ ಕಚೇರಿ ತೀರ್ಮಾನಿಸುತ್ತದೆ. ಲಕ್ಷಾಂತರ ಮನೆಗಳಿಗೆ ಒಟ್ಟಿಗೆ, ಕಂಪ್ಯೂಟರಿನಲ್ಲಿ ಬೆಲೆ ಕಟ್ಟುತ್ತಾರೆ. ನಿಮ್ಮ ಮನೆಯೊಳಗೆ ಯಾರೂ ಬಂದು ನೋಡಿರುವುದಿಲ್ಲ. ಆದ್ದರಿಂದ ತಪ್ಪು ಆಗಿಯೇ ಆಗುತ್ತದೆ. ಅದನ್ನು ತೋರಿಸಿಕೊಡುವ ಹಕ್ಕನ್ನು ಕಾನೂನೇ ಮನೆಯವರಿಗೆ ಕೊಟ್ಟಿದೆ. ಆದರೂ ನಮ್ಮವರಲ್ಲಿ ತುಂಬ ಜನ ಸುಮ್ಮನೆ ಕಟ್ಟಿಬಿಡುತ್ತಾರೆ. ಸರ್ಕಾರಿ ಕಚೇರಿಯ ಜೊತೆ ಯಾಕೆ ತಕರಾರು ಎಂಬ ಹಿಂಜರಿಕೆ. ಆ ಹಿಂಜರಿಕೆ ಹೋಗಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೋಮ್‌ಸ್ಟೆಡ್ ಅರ್ಜಿ

ಇನ್ನೇನು ಮಾಡದಿದ್ದರೂ ಇದೊಂದನ್ನು ಮಾಡಿ. ನೀವೇ ಕೊಂಡು ನೀವೇ ವಾಸ ಮಾಡುವ ಮನೆಗೆ ಹೋಮ್‌ಸ್ಟೆಡ್ ವಿನಾಯಿತಿ ಸಿಗುತ್ತದೆ. ಅದು ತಾನಾಗಿ ಬರುವುದಿಲ್ಲ, ಅರ್ಜಿ ಹಾಕಬೇಕು.

ವಿನಾಯಿತಿ ಸಣ್ಣದೇನಲ್ಲ. ಶಾಲಾ ತೆರಿಗೆಯ ಲೆಕ್ಕದಲ್ಲಿ ಮನೆಯ ಬೆಲೆಯಿಂದ 1,40,000 ಡಾಲರ್ ಕಳೆಯುತ್ತಾರೆ. 2022ರಲ್ಲಿ ಇದು 40 ಸಾವಿರ ಇತ್ತು, 2023ರಲ್ಲಿ 1 ಲಕ್ಷ ಆಯಿತು. 2025ರ ನವೆಂಬರ್‌ನಲ್ಲಿ ಮತದಾರರು ಒಪ್ಪಿದ ಮೇಲೆ 1.4 ಲಕ್ಷಕ್ಕೆ ಏರಿ, 2025ರ ಬಿಲ್‌ಗೇ ಅನ್ವಯವಾಯಿತು. ನಿಮ್ಮ ಶಾಲಾ ಜಿಲ್ಲೆಯ ದರ 100 ಡಾಲರಿಗೆ 1 ಡಾಲರ್ ಅಂತಿಟ್ಟುಕೊಳ್ಳಿ. ಆಗ ವರ್ಷಕ್ಕೆ 1,400 ಡಾಲರ್ ಉಳಿಯಿತು. ಇದರ ಮೇಲೆ ನಗರ, ಕೌಂಟಿಗಳು ತಮ್ಮ ಪಾಲಿನ ತೆರಿಗೆಯಲ್ಲಿ ಬೆಲೆಯ ಶೇ 20ರವರೆಗೆ ಬಿಡಬಹುದು. ಡಲ್ಲಾಸ್ ಮತ್ತು ಹ್ಯೂಸ್ಟನ್ ನಗರಗಳು ಪೂರ್ತಿ ಶೇ 20 ಬಿಡುತ್ತವೆ. ಪ್ರತಿ ಊರಿನಲ್ಲೂ ಇದು ಬೇರೆ ಬೇರೆ.

ಅರ್ಜಿಯ ನಮೂನೆ 50-114. ನಿಮ್ಮ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್ ವೆಬ್‌ಸೈಟಿನಲ್ಲಿ ಸಿಗುತ್ತದೆ. ಕಾಲಿನ್, ಡೆಂಟನ್, ಹ್ಯಾರಿಸ್, ಟ್ರಾವಿಸ್ ಹೀಗೆ ಪ್ರತಿ ಕೌಂಟಿಗೂ ಅದರದೇ ಸೈಟ್ ಇದೆ. ಟೆಕ್ಸಸ್ ಡ್ರೈವಿಂಗ್ ಲೈಸೆನ್ಸ್ ಅಥವಾ ಗುರುತಿನ ಚೀಟಿಯ ಪ್ರತಿ ಬೇಕು. ಅದರಲ್ಲಿರುವ ವಿಳಾಸ ಈ ಮನೆಯದ್ದೇ ಆಗಿರಬೇಕು. ಅರ್ಜಿ ತಿರಸ್ಕಾರ ಆಗುವುದು ಸಾಮಾನ್ಯವಾಗಿ ಇಲ್ಲೇ. ಹೊಸ ಮನೆಗೆ ಬಂದವರು ಲೈಸೆನ್ಸಿನಲ್ಲಿ ಹಳೆಯ ಅಪಾರ್ಟ್‌ಮೆಂಟಿನ ವಿಳಾಸ ಹಾಗೇ ಬಿಟ್ಟಿರುತ್ತಾರೆ. ಮೊದಲು ಅದನ್ನು ಬದಲಿಸಿಕೊಳ್ಳಿ.

ಇದಕ್ಕೆ ಗ್ರೀನ್ ಕಾರ್ಡ್ ಬೇಕು ಅಂತ ಕೆಲವರು ಅಂದುಕೊಂಡಿದ್ದಾರೆ. ಬೇಕಿಲ್ಲ. ಎಚ್‌-1ಬಿ ವೀಸಾದಲ್ಲಿ ಇರುವವರೂ ಹಾಕಬಹುದು. ಕಾನೂನು ನೋಡುವುದು ಮನೆ ನಿಮ್ಮದೇ, ಅದು ನಿಮ್ಮ ಮುಖ್ಯ ವಾಸವೇ ಎಂಬುದನ್ನು. ಅರ್ಜಿಗೆ ಶುಲ್ಕವೂ ಇಲ್ಲ. 'ನಿಮ್ಮ ಪರವಾಗಿ ಹೋಮ್‌ಸ್ಟೆಡ್ ಹಾಕಿಕೊಡುತ್ತೇವೆ, ಇಷ್ಟು ಡಾಲರ್ ಕಳಿಸಿ' ಅಂತ ಸರ್ಕಾರಿ ಪತ್ರದ ಥರ ಕಾಣುವ ಕಾಗದ ಅಂಚೆಯಲ್ಲಿ ಬಂದರೆ ಕಸದ ಬುಟ್ಟಿಗೆ ಹಾಕಿ.

ಏಪ್ರಿಲ್ 30ರೊಳಗೆ ಹಾಕಿದರೆ ಒಳ್ಳೆಯದು. ಆ ದಿನ ದಾಟಿತು ಅಂತ ಕೈಬಿಡಬೇಡಿ. ತೆರಿಗೆ ಕಟ್ಟುವ ಗಡುವು ಮುಗಿದು ಎರಡು ವರ್ಷದವರೆಗೂ ತಡವಾಗಿ ಅರ್ಜಿ ಹಾಕಬಹುದು, ಜಾಸ್ತಿ ಕಟ್ಟಿದ್ದು ವಾಪಸ್ ಬರುತ್ತದೆ. ಮನೆ ಕೊಂಡು ಎರಡು ಮೂರು ವರ್ಷ ಆಗಿದ್ದರೆ ಇವತ್ತೇ ಸೈಟಿನಲ್ಲಿ ನಿಮ್ಮ ಮನೆಯ ಪುಟ ತೆರೆದು ನೋಡಿ. ಹೋಮ್‌ಸ್ಟೆಡ್ ಎಂಬ ಗುರುತು ಇಲ್ಲದಿದ್ದರೆ ನಿಮ್ಮ ದುಡ್ಡು ಅಲ್ಲೇ ಕೂತಿದೆ.

ಒಮ್ಮೆ ಸಿಕ್ಕಿದ್ದು ಪ್ರತಿ ವರ್ಷ ಮುಂದುವರಿಯುತ್ತದೆ. ಆದರೆ ಐದು ವರ್ಷಕ್ಕೊಮ್ಮೆಯಾದರೂ ಅರ್ಹತೆ ಪರಿಶೀಲಿಸಬೇಕು ಅಂತ 2023ರಲ್ಲಿ ಕಾನೂನಾಗಿದೆ. ಆ ಪತ್ರ ಬಂದರೆ ಉತ್ತರ ಕೊಡಿ, ಇಲ್ಲದಿದ್ದರೆ ವಿನಾಯಿತಿ ಹೋಗುತ್ತದೆ. ಅಪ್ಪ ಅಮ್ಮನ ಆರೈಕೆಗೆ ಅಂತ ಒಂದು ವರ್ಷ ಮೈಸೂರಿಗೋ ಹುಬ್ಬಳ್ಳಿಗೋ ಹೋಗುವವರು ಇದ್ದಾರೆ. ಎರಡು ವರ್ಷದೊಳಗೆ ವಾಪಸ್ ಬರುವ ಉದ್ದೇಶವಿದ್ದು, ಬೇರೆ ಕಡೆ ಮುಖ್ಯ ಮನೆ ಮಾಡಿಕೊಳ್ಳದಿದ್ದರೆ ಹೋಮ್‌ಸ್ಟೆಡ್ ಉಳಿಯುತ್ತದೆ. ಆ ಹೊತ್ತಿನಲ್ಲಿ ಮನೆಯನ್ನು ಬಾಡಿಗೆಗೆ ಕೊಡುವ ಯೋಚನೆ ಇದ್ದರೆ ಮೊದಲು ಕಚೇರಿಯಲ್ಲಿ ಕೇಳಿಕೊಳ್ಳಿ.

ಶೇ 10ರ ಮಿತಿ

ಹೋಮ್‌ಸ್ಟೆಡ್‌ನಿಂದ ಇನ್ನೊಂದು ಲಾಭವಿದೆ. ತೆರಿಗೆಗೆ ಲೆಕ್ಕ ಹಿಡಿಯುವ ಬೆಲೆ ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಏರುವಂತಿಲ್ಲ. ಹೊಸದಾಗಿ ಕೋಣೆ ಕಟ್ಟಿಸಿದರೆ, ಈಜುಕೊಳ ಹಾಕಿಸಿದರೆ ಅದು ಬೇರೆ ಲೆಕ್ಕ. ಈ ರಕ್ಷಣೆ ವಿನಾಯಿತಿ ಸಿಕ್ಕ ಮೊದಲ ವರ್ಷಕ್ಕಲ್ಲ, ಮುಂದಿನ ವರ್ಷದಿಂದ. ಬಾಡಿಗೆ ಮನೆಗಳಿಗೆ, ಸುಮಾರು 50 ಲಕ್ಷ ಡಾಲರಿನವರೆಗಿನ ಇತರ ಆಸ್ತಿಗಳಿಗೆ ಶೇ 20ರ ಮಿತಿ ಇದೆ. ಅದು 2024ರಿಂದ 2026ರವರೆಗಿನ ಮೂರು ವರ್ಷಕ್ಕೆ ಅಂತ ಮಾಡಿದ ಕಾನೂನು.

ಈ ಮಿತಿಯಿಂದಾಗಿ, ಬೆಲೆ ತಿಳಿಸಿ ಕಚೇರಿ ಕಳಿಸುವ ನೋಟಿಸಿನಲ್ಲಿ ಎರಡು ಬೆಲೆ ಇರುತ್ತವೆ. ಒಂದು ಮಾರುಕಟ್ಟೆ ಬೆಲೆ, ಇನ್ನೊಂದು ಮಿತಿ ಹಾಕಿದ ಬೆಲೆ. ಇದನ್ನು ಸರಿಯಾಗಿ ಓದದೆ ಪ್ರೊಟೆಸ್ಟ್ (ಕಟ್ಟಿದ ಬೆಲೆಗೆ ಆಕ್ಷೇಪಣೆ) ಹಾಕಿದರೆ ಶ್ರಮ ವ್ಯರ್ಥವಾಗಬಹುದು. ಮಾರುಕಟ್ಟೆ ಬೆಲೆ 6 ಲಕ್ಷ, ಮಿತಿ ಹಾಕಿದ ಬೆಲೆ 4.8 ಲಕ್ಷ ಅಂತಿರಲಿ. ನೀವು ವಾದ ಮಾಡಿ 6 ಲಕ್ಷವನ್ನು 5.6ಕ್ಕೆ ಇಳಿಸಿದರೂ ಈ ವರ್ಷದ ಬಿಲ್ ಒಂದು ಡಾಲರೂ ಇಳಿಯುವುದಿಲ್ಲ. ಯಾಕೆಂದರೆ ತೆರಿಗೆ ಬೀಳುವುದು 4.8ರ ಮೇಲೆ. ಎರಡು ಬೆಲೆಗಳೂ ಒಂದೇ ಇದ್ದರೆ, ಅಥವಾ ಹತ್ತಿರ ಇದ್ದರೆ, ಆಗ ಪ್ರೊಟೆಸ್ಟ್ ಹಾಕಲೇಬೇಕು. ಹೊಸದಾಗಿ ಮನೆ ಕೊಂಡವರ ಸ್ಥಿತಿ ಸಾಮಾನ್ಯವಾಗಿ ಇದೇ.

ಬೆಲೆಯ ಮೇಲೆ ಪ್ರೊಟೆಸ್ಟ್

ನೋಟಿಸ್ ಏಪ್ರಿಲ್ ಹೊತ್ತಿಗೆ ಬರುತ್ತದೆ. ಪ್ರೊಟೆಸ್ಟ್ ಹಾಕಲು ಮೇ 15 ಕೊನೆಯ ದಿನ. ನೋಟಿಸ್ ಕಳಿಸಿದ ದಿನದಿಂದ 30 ದಿನ ಲೆಕ್ಕ ಹಾಕಿದರೆ ಮೇ 15 ದಾಟುವುದಾದರೆ ಆ ದಿನ. ನಮೂನೆ 50-132, ಇಲ್ಲವೇ ನೋಟಿಸಿನಲ್ಲಿ ಕೊಟ್ಟಿರುವ ಸಂಖ್ಯೆ ಬಳಸಿ ಆನ್‌ಲೈನಿನಲ್ಲೇ ಹಾಕಬಹುದು. ಕಾರಣ ಕೇಳುವ ಕಡೆ ಎರಡು ಗುರುತು ಮಾಡಿ: ಬೆಲೆ ಮಾರುಕಟ್ಟೆಗಿಂತ ಜಾಸ್ತಿ ಇದೆ, ಮತ್ತು ಬೇರೆ ಮನೆಗಳಿಗೆ ಹೋಲಿಸಿದರೆ ನನ್ನ ಮನೆಗೆ ಅಸಮಾನವಾಗಿ ಬೆಲೆ ಕಟ್ಟಿದ್ದಾರೆ. ಒಂದನ್ನೇ ಗುರುತು ಮಾಡಿದರೆ ಇನ್ನೊಂದು ವಾದ ಮುಂದಿಡಲು ಆಗುವುದಿಲ್ಲ.

ಪ್ರೊಟೆಸ್ಟ್ ಹಾಕಿದರೆ ಸಿಟ್ಟಿಗೆದ್ದು ಬೆಲೆ ಇನ್ನೂ ಏರಿಸಿಬಿಟ್ಟರೆ? ಇದು ನಾನು ಅತಿ ಹೆಚ್ಚು ಕೇಳಿದ ಭಯ. 2019ರ ಕಾನೂನಿನ ಪ್ರಕಾರ, ನೀವಾಗಿ ಕೇಳದ ಹೊರತು ಪ್ರೊಟೆಸ್ಟ್ ಕೇಳಿ ತೀರ್ಮಾನಿಸುವ ವಿಚಾರಣಾ ಮಂಡಳಿ (ಅಪ್ರೈಸಲ್ ರಿವ್ಯೂ ಬೋರ್ಡ್) ಬೆಲೆಯನ್ನು ಇದ್ದದ್ದಕ್ಕಿಂತ ಏರಿಸುವಂತಿಲ್ಲ. ಇನ್ನೂ ಒಂದು ಮಾತು. ಬೆಲೆ ಸರಿ ಇದೆ ಅಂತ ರುಜುವಾತು ಮಾಡುವ ಹೊಣೆ ಸಾಮಾನ್ಯವಾಗಿ ಕಚೇರಿಯದ್ದು, ನಿಮ್ಮದಲ್ಲ.

ಅರ್ಜಿ ಹಾಕುವಾಗಲೇ ಕಚೇರಿಯ ಹತ್ತಿರ ಇರುವ ಸಾಕ್ಷ್ಯದ ಪ್ರತಿ ಕೇಳಿ. ವಿಚಾರಣೆಗೆ ಕನಿಷ್ಠ 14 ದಿನ ಮುಂಚೆ ಅದು ನಿಮಗೆ ಸಿಗಬೇಕು. ನೀವು ಕೇಳಿಯೂ ಅವರು ಕೊಡದೇ ಇದ್ದದ್ದನ್ನು ವಿಚಾರಣೆಯಲ್ಲಿ ಬಳಸುವಂತಿಲ್ಲ. ಅವರು ನಿಮ್ಮ ಮನೆಯನ್ನು ಯಾವ ಮನೆಗಳ ಜೊತೆ ಹೋಲಿಸಿದ್ದಾರೆ ಅಂತ ಇದರಲ್ಲೇ ಗೊತ್ತಾಗುತ್ತದೆ. ಎಷ್ಟೋ ಸಲ ಅವರ ಪಟ್ಟಿಯಲ್ಲೇ ನಿಮ್ಮ ವಾದ ಇರುತ್ತದೆ. ಹೋಲಿಕೆಗೆ ತೆಗೆದುಕೊಂಡ ಮನೆಗೆ ಈಜುಕೊಳ ಇರಬಹುದು, ನಿಮ್ಮದಕ್ಕೆ ಇಲ್ಲ. ಅದು ಕೆರೆಯ ಕಡೆಗಿರಬಹುದು, ನಿಮ್ಮದು ಹೆದ್ದಾರಿಗೆ ಬೆನ್ನು ಹಾಕಿರಬಹುದು.

ಇನ್ನು ನಿಮ್ಮ ಕಡೆಯ ಸಾಕ್ಷ್ಯ. ಮೊದಲು ಕಚೇರಿಯ ದಾಖಲೆಯಲ್ಲಿ ಮನೆಯ ಚದರ ಅಡಿ, ಬಚ್ಚಲುಮನೆಗಳ ಸಂಖ್ಯೆ, ಕಟ್ಟಿದ ವರ್ಷ ಸರಿ ಇದೆಯೇ ನೋಡಿ. ಅಳತೆ ತಪ್ಪಿದ್ದರೆ ಅದಕ್ಕಿಂತ ಗಟ್ಟಿ ವಾದ ಬೇರಿಲ್ಲ. ಇತ್ತೀಚೆಗೆ ಕೊಂಡಿದ್ದು, ಕೊಟ್ಟ ಬೆಲೆ ನೋಟಿಸಿನ ಬೆಲೆಗಿಂತ ಕಡಿಮೆ ಇದ್ದರೆ ಕ್ಲೋಸಿಂಗ್ ಸ್ಟೇಟ್‌ಮೆಂಟ್ (ಖರೀದಿ ಮುಗಿದಾಗ ಕೊಟ್ಟ ಲೆಕ್ಕದ ಪತ್ರ) ಇಡಿ. ಟೆಕ್ಸಸ್‌ನಲ್ಲಿ ಮನೆ ಮಾರಾಟವಾದ ಬೆಲೆಯನ್ನು ಸಾರ್ವಜನಿಕವಾಗಿ ತಿಳಿಸಬೇಕೆಂಬ ನಿಯಮ ಇಲ್ಲ. ಹಾಗಾಗಿ ಸುತ್ತಮುತ್ತಲ ಮಾರಾಟದ ವಿವರಕ್ಕೆ ನಿಮಗೆ ಮನೆ ಕೊಡಿಸಿದ ರಿಯಲ್ಟರ್‌ ಅವರನ್ನೇ ಕೇಳಿ. ಜನವರಿ 1ಕ್ಕೆ ಹತ್ತಿರದ, ನಿಮ್ಮಷ್ಟೇ ಅಳತೆಯ, ಅದೇ ಬಡಾವಣೆಯ ನಾಲ್ಕೈದು ಮಾರಾಟ ಸಾಕು.

ಅಸಮಾನತೆಯ ವಾದಕ್ಕೆ ಅದೂ ಬೇಕಿಲ್ಲ. ಅಕ್ಕಪಕ್ಕದ ಮನೆಗಳಿಗೆ ಕಟ್ಟಿದ ಬೆಲೆ ಕಚೇರಿಯ ಸೈಟಿನಲ್ಲೇ ಎಲ್ಲರಿಗೂ ಕಾಣುತ್ತದೆ. ಒಂದು ಕಾಗದದಲ್ಲಿ ಆ ಮನೆಗಳ ಅಳತೆ, ಬೆಲೆ, ಚದರ ಅಡಿಗೆ ಎಷ್ಟು ಬಿತ್ತು ಅಂತ ಬರೆದು, ಮಧ್ಯದ ಅಂಕಿ ಯಾವುದು ನೋಡಿ. ನಿಮ್ಮದು ಅದಕ್ಕಿಂತ ಮೇಲಿದ್ದರೆ ಅದನ್ನೇ ಮುಂದಿಡಿ.

ಮನೆಯ ದುರಸ್ತಿಯ ವಿಷಯ ಮರೆಯಬೇಡಿ. ಡಲ್ಲಾಸ್ ಸುತ್ತಮುತ್ತ ಜೇಡಿ ಮಣ್ಣು. ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗಿ ತಳಪಾಯ ಬಿರುಕು ಬಿಡುವುದು ಇಲ್ಲಿ ಮಾಮೂಲು. ಆಲಿಕಲ್ಲಿಗೆ ಛಾವಣಿ ಹಾಳಾಗುತ್ತದೆ. ಬಿರುಕಿನ ಫೋಟೊ ಮಾತ್ರ ತೋರಿಸಿದರೆ ಅಯ್ಯೋ ಅನ್ನಬಹುದು, ಬೆಲೆ ಇಳಿಸುವುದಿಲ್ಲ. ಕಂಟ್ರಾಕ್ಟರ್ ಬರೆದುಕೊಟ್ಟ ಖರ್ಚಿನ ಅಂದಾಜು ಜೊತೆಗಿದ್ದರೆ ಅಷ್ಟು ಹಣ ಕಳೆಯಿರಿ ಅಂತ ಕೇಳಬಹುದು.

ಮಾತುಕತೆ, ಆಮೇಲೆ ಮಂಡಳಿ

ಮೊದಲು ಕಚೇರಿಯ ಅಪ್ರೈಸರ್ ಜೊತೆ ಅನೌಪಚಾರಿಕ ಮಾತುಕತೆ ಇರುತ್ತದೆ. ಫೋನಿನಲ್ಲೋ ಆನ್‌ಲೈನಿನಲ್ಲೋ ಮುಗಿಯುತ್ತದೆ. ಅವರು ಒಂದು ಬೆಲೆ ಹೇಳುತ್ತಾರೆ. ನಿಮ್ಮ ಸಾಕ್ಷ್ಯಕ್ಕೆ ಹತ್ತಿರ ಇದ್ದರೆ ಒಪ್ಪಿಕೊಳ್ಳಿ. ಒಮ್ಮೆ ಸಹಿ ಹಾಕಿದರೆ ಆ ವರ್ಷಕ್ಕೆ ಅದೇ ಕೊನೆ. ಆದ್ದರಿಂದ ಅವಸರ ಬೇಡ.

ಒಪ್ಪಿಗೆಯಾಗದಿದ್ದರೆ ಅಪ್ರೈಸಲ್ ರಿವ್ಯೂ ಬೋರ್ಡ್. ಇದರ ಸದಸ್ಯರು ಕಚೇರಿಯ ನೌಕರರಲ್ಲ, ಅದೇ ಕೌಂಟಿಯ ನಾಗರಿಕರು. ಖುದ್ದಾಗಿ ಹೋಗಬಹುದು, ಫೋನ್ ಅಥವಾ ವಿಡಿಯೊದಲ್ಲಿ ಹಾಜರಾಗಬಹುದು, ಅಫಿಡವಿಟ್ (ಪ್ರಮಾಣ ಮಾಡಿದ ಲಿಖಿತ ಹೇಳಿಕೆ) ಬರೆದು ಕಳಿಸಬಹುದು. ಸಮಯ ಕಡಿಮೆ. ಕೇಳುವ ಬೆಲೆಯನ್ನು ಮೊದಲೇ ಹೇಳಿ, ಆಮೇಲೆ ಮೂರು ನಾಲ್ಕು ಕಾರಣ ಕೊಡಿ. ಇಂಗ್ಲಿಷ್ ಸೊಗಸಾಗಿರಬೇಕಿಲ್ಲ, ಅಂಕಿ ಸರಿ ಇದ್ದರೆ ಸಾಕು. 'ತೆರಿಗೆ ತುಂಬ ಜಾಸ್ತಿ', 'ಕೆಲಸ ಹೋಗಿದೆ', 'ಕಳೆದ ವರ್ಷ ಇಷ್ಟಿರಲಿಲ್ಲ' ಎಂಬ ಮಾತು ಎಷ್ಟೇ ನಿಜವಾದರೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಮಂಡಳಿ ನೋಡುವುದು ಜನವರಿ 1ರ ಬೆಲೆಯನ್ನು ಮಾತ್ರ. ತೆರಿಗೆಯ ದರ ಜಾಸ್ತಿ ಅನ್ನಿಸಿದರೆ ಅದನ್ನು ಹೇಳುವ ಜಾಗ ಬೇರೆ. ನಗರ, ಶಾಲಾ ಜಿಲ್ಲೆಗಳು ದರ ನಿಗದಿ ಮಾಡುವ ಸಭೆಗಳು ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತವೆ. ಅಲ್ಲಿ ಯಾರು ಬೇಕಾದರೂ ಮಾತಾಡಬಹುದು.

ಮಂಡಳಿಯ ತೀರ್ಪೂ ಸರಿ ಬರದಿದ್ದರೆ 60 ದಿನದೊಳಗೆ ಮಧ್ಯಸ್ಥಿಕೆಗೆ ಹೋಗಬಹುದು. ಹೋಮ್‌ಸ್ಟೆಡ್ ಮನೆಗೆ 450 ಅಥವಾ 500 ಡಾಲರ್ ಠೇವಣಿ ಇಡಬೇಕು, ಸೋತರೆ ಅದು ಹೋಗುತ್ತದೆ. ದೊಡ್ಡ ವ್ಯತ್ಯಾಸ ಇದ್ದರೆ ಮಾತ್ರ ಇದು ಲಾಭ. ಪ್ರೊಟೆಸ್ಟ್ ಮಾಡಿಕೊಡುವ ಕಂಪನಿಗಳೂ ಇವೆ, ಉಳಿಸಿದ ಹಣದಲ್ಲಿ ಪಾಲು ತೆಗೆದುಕೊಳ್ಳುತ್ತವೆ. ಸಮಯವೇ ಇಲ್ಲದವರಿಗೆ ಪರವಾಗಿಲ್ಲ. ಆದರೆ ಸಾಧಾರಣ ಮನೆಗೆ ಈ ಕೆಲಸ ನೀವೇ ಮಾಡಬಹುದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮನೆಯಲ್ಲಿ ಹಿರಿಯರಿದ್ದರೆ

65 ತುಂಬಿದ ಮಾಲೀಕರಿಗೆ ಶಾಲಾ ತೆರಿಗೆಯಲ್ಲಿ ಇನ್ನೂ 60 ಸಾವಿರ ಡಾಲರ್ ಕಳೆಯುತ್ತಾರೆ. ಹೋಮ್‌ಸ್ಟೆಡ್ ಸೇರಿದರೆ ಒಟ್ಟು 2 ಲಕ್ಷ. ಅದಕ್ಕಿಂತ ದೊಡ್ಡ ಅನುಕೂಲ, ಅಲ್ಲಿಂದ ಮುಂದೆ ಶಾಲಾ ತೆರಿಗೆಯ ಮೊತ್ತ ಏರುವುದಿಲ್ಲ. ಮನೆಗೆ ಹೊಸದಾಗಿ ಏನಾದರೂ ಸೇರಿಸಿದರೆ ಮಾತ್ರ ಏರಬಹುದು. ಬಿಲ್ಲನ್ನು ನಾಲ್ಕು ಕಂತಿನಲ್ಲಿ ಬಡ್ಡಿಯಿಲ್ಲದೆ ಕಟ್ಟಬಹುದು. ಕಟ್ಟಲು ಆಗದಿದ್ದರೆ ಶೇ 5ರ ಬಡ್ಡಿಯಲ್ಲಿ ಮುಂದೂಡಲೂಬಹುದು.

ಗ್ರೀನ್ ಕಾರ್ಡ್ ಮೇಲೆ ಬಂದು ಮಕ್ಕಳ ಜೊತೆ ಇರುವ ಅಪ್ಪ ಅಮ್ಮಂದಿರಿಗೆ ಇದು ಸಿಗುತ್ತದಾ ಅಂತ ಕೇಳುತ್ತಾರೆ. ಮನೆಯಲ್ಲಿ ಇದ್ದರೆ ಸಾಲದು, ಮನೆಯ ಡೀಡ್‌ನಲ್ಲಿ (ಮಾಲೀಕತ್ವದ ಪತ್ರದಲ್ಲಿ) ಅವರ ಹೆಸರೂ ಇರಬೇಕು. ಹಾಗಂತ ಈ ವಿನಾಯಿತಿಗೋಸ್ಕರ ಹೆಸರು ಸೇರಿಸಲು ಹೋಗಬೇಡಿ. ಸಾಲ ಕೊಟ್ಟ ಬ್ಯಾಂಕು, ಉಡುಗೊರೆ ತೆರಿಗೆ, ಮುಂದೆ ಮಾರುವಾಗಿನ ತೆರಿಗೆ ಎಲ್ಲವೂ ಇದರಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಬಿಲ್ ಬಂದ ಮೇಲೆ

ಬಿಲ್ ಅಕ್ಟೋಬರ್, ನವೆಂಬರ್ ಹೊತ್ತಿಗೆ ಬರುತ್ತದೆ. ಜನವರಿ 31 ಕೊನೆಯ ದಿನ. ಫೆಬ್ರುವರಿ 1 ಬಂತೆಂದರೆ ದಂಡ, ಬಡ್ಡಿ ಸೇರಿ ಶೇ 7 ಬೀಳುತ್ತದೆ, ತಿಂಗಳು ತಿಂಗಳು ಬೆಳೆಯುತ್ತದೆ. ಸಾಲದ ಕಂತಿನ ಜೊತೆ ಎಸ್ಕ್ರೋ (ತೆರಿಗೆಗೆ ಅಂತ ಸಾಲದ ಕಂಪನಿ ಹಣ ಎತ್ತಿಡುವ ಖಾತೆ) ಮೂಲಕ ಕಟ್ಟುವವರು ಹೋಮ್‌ಸ್ಟೆಡ್ ಸಿಕ್ಕ ಮೇಲೆ, ಬೆಲೆ ಇಳಿದ ಮೇಲೆ, ಸಾಲದ ಕಂಪನಿಗೆ ಹೊಸ ಲೆಕ್ಕ ಮಾಡಿ ಅಂತ ಬರೆಯಿರಿ. ಕೇಳದಿದ್ದರೆ ಹಳೆಯ ಲೆಕ್ಕದಲ್ಲೇ ಕಂತು ಕಡಿತವಾಗುತ್ತಿರುತ್ತದೆ.

ಹೊಚ್ಚಹೊಸ ಮನೆ ಕೊಂಡವರಿಗೆ ಒಂದು ಎಚ್ಚರಿಕೆ. ಜನವರಿ 1ರಂದು ಅಲ್ಲಿ ಬರೀ ನಿವೇಶನ ಇದ್ದಿದ್ದರೆ ಮೊದಲ ವರ್ಷದ ತೆರಿಗೆ ನಿವೇಶನಕ್ಕೆ ಮಾತ್ರ. ಮುಂದಿನ ವರ್ಷ ಇಡೀ ಮನೆಗೆ ಬರುತ್ತದೆ. ಎಸ್ಕ್ರೋದಲ್ಲಿ ಹಣ ಸಾಲದೆ ತಿಂಗಳ ಕಂತು ಒಮ್ಮೆಲೇ ನೂರಾರು ಡಾಲರ್ ಏರುತ್ತದೆ. ಮೊದಲ ವರ್ಷ ಉಳಿದ ಹಣವನ್ನು ಬೇರೆ ಖಾತೆಯಲ್ಲಿ ಎತ್ತಿಡಿ, ಆ ನೋಟಿಸ್ ಬಂದಾಗ ಅದರಿಂದಲೇ ಕೊರತೆ ತುಂಬಬಹುದು.